ಮಹಾಪಧಮನಿಯ ಬುಡದಲ್ಲಿ ಅಬ್ಲೇಶನ್: ನನ್ನ ಅನುಭವ

ಹೃದಯದ ಲಯ ತಪ್ಪುವ ಕಾಯಿಲೆಗಳನ್ನು ನೋಡುವುದು ನನ್ನ ಕೆಲಸ. ತಪ್ಪು ಬಡಿತ ಹುಟ್ಟಿಸುವ ಜಾಗವನ್ನು ಕ್ಯಾತಿಟರ್ ಎಂಬ ತೆಳ್ಳನೆಯ ಕೊಳವೆಯಿಂದ ಸುಡುವುದೇ ಅಬ್ಲೇಶನ್. ಮಹಾಪಧಮನಿ, ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ. ಅದರ ಬುಡದ ಕೇಸುಗಳಲ್ಲಿ ಸುಡುವುದಕ್ಕೆ ಹಿಡಿಯುವುದು ಒಂದೆರಡು ನಿಮಿಷ. ಉಳಿದ ಹೊತ್ತೆಲ್ಲ ಎಲ್ಲಿ ಸುಡಬಾರದು ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೇ ಹೋಗುತ್ತದೆ.

"ಡಾಕ್ಟ್ರೇ, ಎದೆ ಒಂದ್ಸಲ ನಿಂತ ಹಾಗಾಗಿ ಆಮೇಲೆ ಧಡಕ್ ಅನ್ನುತ್ತೆ" ಎಂದು ಬಂದ ಒಬ್ಬ ಹೆಣ್ಣುಮಗಳ ಕೇಸು ಹೇಳುತ್ತೇನೆ. ಗ್ಯಾಸ್ ಇರಬೇಕು ಅಂತ ತುಂಬಾ ದಿನ ಮಾತ್ರೆ ನುಂಗಿದ್ದರು. ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಹಾಕಿದಾಗ ಬಡಿತಗಳಲ್ಲಿ ಶೇ. 26 ಪಿವಿಸಿ, ಅಂದರೆ ಸರದಿಗೆ ಮೊದಲೇ ನುಗ್ಗುವ ಬಡಿತ. ಅಲ್ಲೊಂದು ಇಲ್ಲೊಂದು ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಶೇ. 24 ದಾಟಿದವರಲ್ಲಿ ಹೃದಯ ದುರ್ಬಲವಾಗುವುದು ಜಾಸ್ತಿ ಎಂದು ಮಿಶಿಗನ್ ವಿಶ್ವವಿದ್ಯಾಲಯದ ತಂಡ 2010ರಲ್ಲೇ ತೋರಿಸಿದೆ. ಇವರ ಎಕೋದಲ್ಲೂ (ಹೃದಯದ ಸ್ಕ್ಯಾನ್) ಪಂಪ್ ಮಾಡುವ ಶಕ್ತಿ ಇಳಿದಿತ್ತು. ಬಡಿತ ಹತೋಟಿಗೆ ತರುವ ಬೀಟಾ ಬ್ಲಾಕರ್ ಮಾತ್ರೆ ಕೊಟ್ಟರೂ ಪಿವಿಸಿ ಕಡಿಮೆಯಾಗಲಿಲ್ಲ.

ಅವರು ತಂದ ಇಸಿಜಿ ನೋಡಿದರೆ ಬಲಗಡೆಯ ಕೇಸು, ಅಂದರೆ ಪಿವಿಸಿ ಹೃದಯದ ಬಲಭಾಗದಲ್ಲಿ ಹುಟ್ಟುತ್ತಿದೆ ಅನ್ನಬೇಕು. ನಾನು ಹೊರಗಿನ ಇಸಿಜಿಯನ್ನು ಪೂರ್ತಿ ನಂಬುವುದಿಲ್ಲ. ಎದೆಗೆ ಹಚ್ಚುವ ವಿ1, ವಿ2 ಲೀಡುಗಳನ್ನು ನಾಲ್ಕನೇ ಪಕ್ಕೆಲುಬಿನ ಸಂದಿನಲ್ಲಿ ಹಚ್ಚಬೇಕು. ಅವಸರದಲ್ಲಿ ಎರಡನೇ ಅಥವಾ ಮೂರನೇ ಸಂದಿಗೆ ಹಚ್ಚಿಬಿಡುತ್ತಾರೆ. ಹೆಂಗಸರಲ್ಲಂತೂ ಸಂಕೋಚಕ್ಕೆ ಇನ್ನೂ ಮೇಲೆ. ಆಗ ಇಸಿಜಿಯಲ್ಲಿ ಮೇಲಕ್ಕೇಳುವ ಆರ್ ಅಲೆ ಕುಗ್ಗಿ, ಎಡಗಡೆಯ ಪಿವಿಸಿ ಬಲಗಡೆಯದರ ಹಾಗೆ ಕಾಣುತ್ತದೆ. ನಾನೇ ಸಂದು ಎಣಿಸಿ ಇಸಿಜಿ ಮತ್ತೆ ತೆಗೆಸಿದೆ. ವಿ1ರಲ್ಲಿ ಎಡಗಡೆಯ ಸೂಚನೆ ಕೊಡುವ ಅಗಲವಾದ ಆರ್ ಅಲೆ; ಲೀಡ್ ಎರಡು, ಮೂರು, ಎವಿಎಫ್ ಇವುಗಳಲ್ಲಿ ಎತ್ತರದ ಅಲೆ. ಎಡಗಡೆಗೆ ಹೋಗುವ ತಯಾರಿಯಲ್ಲೇ ಟೇಬಲ್‌ಗೆ ತೆಗೆದುಕೊಂಡೆವು.

ಒಪಿಡಿಯಲ್ಲಿ ಮೂರು ಬಡಿತಕ್ಕೊಂದು ಬರುತ್ತಿದ್ದ ಪಿವಿಸಿ ಕ್ಯಾಥ್‌ಲ್ಯಾಬ್ ಟೇಬಲ್ ಮೇಲೆ ಗಪ್‌ಚಿಪ್. ನಿದ್ದೆಯ ಇಂಜೆಕ್ಷನ್ ಜಾಸ್ತಿಯಾದರೆ ಹೀಗಾಗುವುದುಂಟು. ಅದಕ್ಕೇ ನಾನು ತೀರಾ ಕಡಿಮೆ ಕೊಡುತ್ತೇನೆ. "ಅಮ್ಮಾ, ಸ್ವಲ್ಪ ಸಹಿಸಿಕೊಳ್ಳಿ, ಎಚ್ಚರ ಇದ್ದರೇ ನಮಗೆ ಅದು ಸಿಗೋದು" ಎಂದು ಮೊದಲೇ ಹೇಳಿರುತ್ತೇನೆ. ಹೃದಯ ಬಡಿತ ಹೆಚ್ಚಿಸುವ ಐಸೋಪ್ರೆನಲಿನ್ ಡ್ರಿಪ್ ಹಾಕಿ, ನಿಲ್ಲಿಸಿ, ಕಾದು ಕೂತೆವು. ಡ್ರಿಪ್ ಇಳಿಯುವ ಹೊತ್ತಿಗೆ ಪಿವಿಸಿ ಬಂತು.

ಮೊದಲು ಬಲ ಕೆಳಕೋಣೆಯಿಂದ ರಕ್ತ ಹೊರಡುವ ಹೊರದಾರಿಯಲ್ಲಿ ಹುಡುಕಿದೆ. ಇಸಿಜಿಯಲ್ಲಿ ಕೆಳಕೋಣೆಗಳ ಬಡಿತದ ಅಲೆಗೆ ಕ್ಯೂಆರ್‌ಎಸ್ ಅನ್ನುತ್ತೇವೆ; ಅದಕ್ಕಿಂತ ಎಷ್ಟು ಮುಂಚೆ ಸಿಗ್ನಲ್ ಸಿಕ್ಕರೆ ಮೂಲ ಅಷ್ಟು ಹತ್ತಿರ. ಕ್ಯೂಆರ್‌ಎಸ್‌ಗಿಂತ 15 ಮಿಲಿಸೆಕೆಂಡ್ ಮುಂಚಿನ ಸಿಗ್ನಲ್ ದೊಡ್ಡ ಜಾಗದಲ್ಲೆಲ್ಲ ಸಿಕ್ಕಿತು. ಎಲ್ಲ ಕಡೆ ಒಂದೇ ಥರ ಅಂದರೆ ಮೂಲ ಅಲ್ಲಿಲ್ಲ. ಬಂದಿದ್ದೀವಲ್ಲ ಅಂತ ಸುಮ್ನೆ ಒಂದು ಸುಟ್ಟು ನೋಡುವುದು ನನಗೆ ಇಷ್ಟವಿಲ್ಲ. ಊತ ಬಂದು ಮುಂದಿನ ಹುಡುಕಾಟವೇ ಕೆಡುತ್ತದೆ.

ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ತೊಡೆಸಂದಿನ ಅಪಧಮನಿಯಿಂದ ಕ್ಯಾತಿಟರ್ ಏರಿಸಿದೆ. ಮಹಾಪಧಮನಿಯ ಕವಾಟದ ಮೇಲೆ ಜೇಬಿನಂಥ ಮೂರು ಕಸ್ಪ್‌ಗಳಿವೆ. ಎಡ ಮತ್ತು ಬಲ ಕಸ್ಪ್‌ಗಳಿಂದ ಹೃದಯಕ್ಕೇ ರಕ್ತ ಕೊಡುವ ಕೊರೊನರಿ ರಕ್ತನಾಳಗಳು ಹೊರಡುತ್ತವೆ. ಮೂರನೆಯದರಿಂದ ಯಾವುದೂ ಇಲ್ಲ. ಅದು ಮೇಲಿನ ಕೋಣೆಗಳಿಗೆ ಅಂಟಿಕೊಂಡಿದೆ. ಹಿಸ್ ಬಂಡಲ್ (ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ವಿದ್ಯುತ್ ಒಯ್ಯುವ ಎಳೆ) ಹತ್ತಿರದ ಕೆಲವು ಏಟ್ರಿಯಲ್ ಟಾಕಿಕಾರ್ಡಿಯಾಗಳನ್ನು, ಅಂದರೆ ಮೇಲಿನ ಕೋಣೆಗಳಲ್ಲಿ ಹುಟ್ಟುವ ಜೋರು ಬಡಿತಗಳನ್ನು, ಅಲ್ಲಿಂದಲೇ ಸುಡಬಹುದು. ಈ ಕಸ್ಪ್‌ಗೂ ಬಲ ಕಸ್ಪ್‌ಗೂ ನಡುವಿನ ಸಂದಿಯ ಕೆಳಗೇ ಹಿಸ್ ಬಂಡಲ್ ಹಾದುಹೋಗುತ್ತದೆ. ಅಲ್ಲಿ ಕೈ ತಪ್ಪಿದರೆ ಪೇಸ್‌ಮೇಕರ್ ಹಾಕಬೇಕಾದೀತು.

ಇವರದ್ದು ಎಡ ಕಸ್ಪ್. ಕ್ಯೂಆರ್‌ಎಸ್‌ಗಿಂತ 38 ಮಿಲಿಸೆಕೆಂಡ್ ಮುಂಚೆ ಚೂಪಾದ ಸಣ್ಣ ಸಿಗ್ನಲ್. ಅಲ್ಲಿಂದ ಪೇಸ್ ಮಾಡಿದಾಗ, ಅಂದರೆ ಸಣ್ಣ ಕರೆಂಟು ಕೊಟ್ಟು ಬಡಿಸಿದಾಗ, ಬಂದ ಇಸಿಜಿ ಪಿವಿಸಿಯದಕ್ಕೆ ಅಷ್ಟೇನೂ ಹೊಂದಲಿಲ್ಲ. ಕಸ್ಪ್‌ನಲ್ಲಿ ಇದು ಮಾಮೂಲು, ನಾನು ಸಿಗ್ನಲ್ಲನ್ನೇ ನಂಬುತ್ತೇನೆ. ಆದರೂ ಸುಡುವ ಪೆಡಲ್ ಒತ್ತುವ ಮೊದಲು ಕೊರೊನರಿ ಎಲ್ಲಿದೆ ಎಂದು ತೋರಿಸುವ ಆಂಜಿಯೋಗ್ರಾಂ ಆಗಲೇಬೇಕು. ಮ್ಯಾಪ್ ಎಷ್ಟೇ ಚೆನ್ನಾಗಿರಲಿ, ಇದನ್ನು ಬಿಡುವುದಿಲ್ಲ. ಎಡ ಕೊರೊನರಿಯ ಬಾಯಿಯಿಂದ ಕ್ಯಾತಿಟರ್ ತುದಿ 10 ಮಿಲಿಮೀಟರಿಗಿಂತ ದೂರ ಇತ್ತು.

ತಂಪು ನೀರು ಹರಿಯುವ ಕ್ಯಾತಿಟರ್‌ನಲ್ಲಿ 30 ವ್ಯಾಟ್. ಕಣ್ಣು ಎಕ್ಸ್‌ರೇ ಪರದೆ ಮೇಲೆ, ತುದಿ ಜಾರಿದರೆ ತಕ್ಷಣ ಕಾಲು ತೆಗೆಯಬೇಕು. ಹತ್ತು ಸೆಕೆಂಡಿನೊಳಗೆ ಏನೂ ಆಗದಿದ್ದರೂ ನಿಲ್ಲಿಸುತ್ತೇನೆ. ಇಲ್ಲಿ ಅಷ್ಟರೊಳಗೇ ಪಿವಿಸಿ ನಿಂತಿತು. ಮತ್ತೆ ಆಂಜಿಯೋಗ್ರಾಂ ಮಾಡಿದೆವು, ನಾಳ ಸರಿಯಾಗಿತ್ತು. ಅರ್ಧ ಗಂಟೆ ಕಾದು ಐಸೋಪ್ರೆನಲಿನ್ ಮತ್ತೆ ಹಾಕಿದರೂ ಪಿವಿಸಿ ಬರಲಿಲ್ಲ.

ಎಲ್ಲರಿಗೂ ಹೀಗೆ ಸಲೀಸಾಗಿ ಆಗುವುದಿಲ್ಲ. ಕೆಲವರಲ್ಲಿ ಮೂಲ ಸ್ನಾಯುವಿನ ಆಳದಲ್ಲೋ, ಹೊರಮೈಯಲ್ಲಿ ಕೊರೊನರಿಯ ಪಕ್ಕದಲ್ಲೋ ಇರುತ್ತದೆ. ಸುಡದೆ ವಾಪಸ್ ಬರಬೇಕಾಗಬಹುದು ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗಲೇ ಹೇಳುತ್ತೇನೆ.

ಮಾರನೇ ದಿನ ಅವರು ಕೇಳಿದ್ದು ಒಂದೇ: ನೀರಿನ ಬಿಂದಿಗೆ ಯಾವಾಗ ಎತ್ತಬಹುದು? ತೊಡೆಯ ಗಾಯಕ್ಕೆ ಒಂದು ವಾರ ಬಿಡಿ ಎಂದೆ. ಮೂರು ತಿಂಗಳಿಗೆ ಹೋಲ್ಟರ್, ಎಕೋ ಎರಡನ್ನೂ ಬರೆದುಕೊಟ್ಟೆ.