ಸಾಹಸ ಕಾದಂಬರಿಯ ಪಾತ್ರ, ಸಸ್ಪೆನ್ಸ್ ಬಿಡಿಸಿ ನೋಡುವುದು ಹೇಗೆ?

ಮೊದಲ ಸಲ ಓದುವಾಗ ಪೆನ್ಸಿಲ್ ಹಿಡಿಯಬೇಡಿ. ಕಥೆ ಎಳೆದುಕೊಂಡು ಹೋದ ಕಡೆ ಸುಮ್ನೆ ಹೋಗಿ. ಯಾವ ಅಧ್ಯಾಯದಲ್ಲಿ ಪುಸ್ತಕ ಕೆಳಗಿಡಲು ಆಗಲಿಲ್ಲವೋ ಅದರ ಸಂಖ್ಯೆ ಮಾತ್ರ ಒಂದು ಚೀಟಿಯಲ್ಲಿ ಬರೆದಿಡಿ. ಬಿಡಿಸಿ ನೋಡುವ ಕೆಲಸ ಎರಡನೇ ಓದಿಗೆ.

ನಾನು ತುಂಬಾ ಹಚ್ಚಿಕೊಂಡ ಪುಸ್ತಕವನ್ನೇ ತಗೊಳ್ಳೋಣ: 1864ರಲ್ಲಿ ಬಂದ ಜೂಲ್ಸ್ ವರ್ನ್ ಅವರ ‘ಜರ್ನಿ ಟು ದ ಸೆಂಟರ್ ಆಫ್ ದ ಅರ್ತ್’. ಹ್ಯಾಂಬರ್ಗ್‌ನ ಪ್ರೊಫೆಸರ್ ಲಿಡೆನ್‌ಬ್ರಾಕ್, ಅವರ ಸೋದರಳಿಯ ಆಕ್ಸೆಲ್, ಐಸ್‌ಲ್ಯಾಂಡಿನ ಹಾನ್ಸ್ ಒಂದು ಆರಿದ ಜ್ವಾಲಾಮುಖಿಯ ಬಾಯಿಂದ ಭೂಮಿಯೊಳಗೆ ಇಳಿಯುತ್ತಾರೆ. ಕಥೆ ಹೇಳುವವನು ಆಕ್ಸೆಲ್.

ಪಾತ್ರದ ಗುಣಗಳ ಪಟ್ಟಿ ಮಾಡಬೇಡಿ. ‘ಹಠಮಾರಿ, ಮುಂಗೋಪಿ’ ಎಂದು ನಾನೂ ಬರೆದಿಟ್ಟಿದ್ದೆ. ಅದರಿಂದ ಏನೂ ಸಿಗಲಿಲ್ಲ. ಆ ಪಾತ್ರ ಕೈಯಾರೆ ಮಾಡುವ ಒಂದು ಸಣ್ಣ ಕೆಲಸ ಹುಡುಕಿ. ಕುಂಡದ ಗಿಡ ಬೇಗ ಬೆಳೆಯಲಿ ಅಂತ ಲಿಡೆನ್‌ಬ್ರಾಕ್ ದಿನಾ ಬೆಳಿಗ್ಗೆ ಎಲೆ ಹಿಡಿದು ಎಳೆಯುತ್ತಾರೆ! ನೆಲದಡಿ ನೀರು ಮುಗಿದರೂ ಈ ಮನುಷ್ಯ ಯಾಕೆ ತಿರುಗಿ ಹೊರಡುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಆಮೇಲೆ ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಕೆಲಸ ಹುಡುಕಿ. ಬಾಯಾರಿ ಬಿದ್ದ ಆಕ್ಸೆಲ್‌ನ ತುಟಿಗೆ ಅವರು ಕೊನೆಯ ಗುಟುಕು ನೀರು ಹಿಡಿಯುತ್ತಾರೆ. ತಾವು ಕುಡಿಯದೆ ಅವನಿಗಾಗಿಯೇ ಉಳಿಸಿಟ್ಟಿರುತ್ತಾರೆ. ಎಲೆ ಎಳೆದದ್ದೂ ಅದೇ ಕೈ, ನೀರು ಹಿಡಿದದ್ದೂ ಅದೇ ಕೈ. ಈ ಎರಡರ ನಡುವೆ ಇದ್ದಾರೆ ಪ್ರೊಫೆಸರ್.

ಹಾನ್ಸ್‌ಗೆ ಮಾತು ಕಡಿಮೆ. ಅವನ ಕೆಲಸಗಳನ್ನಷ್ಟೇ ಗುರುತು ಮಾಡಿಕೊಳ್ಳಿ, ಸಾಕು.

ಸಸ್ಪೆನ್ಸ್‌ಗೆ ಒಂದು ಹಾಳೆಯಲ್ಲಿ ಮೂರು ಕಂಬ (ಕಾಲಂ) ಎಳೆಯಿರಿ: ಪ್ರೊಫೆಸರ್‌ಗೆ ಗೊತ್ತಿರುವುದು, ಆಕ್ಸೆಲ್‌ಗೆ ಗೊತ್ತಿರುವುದು, ನನಗೆ ಗೊತ್ತಿರುವುದು. ಭೂಮಿಯೊಳಗಿನ ದಾರಿ ಹೇಳುವ ಹಳೆಯ ಗುಪ್ತಲಿಪಿಯ ಕಾಗದವನ್ನು ಓದಲು ಪ್ರೊಫೆಸರ್ ಹೆಣಗುವ ದೃಶ್ಯದಿಂದ ಶುರು ಮಾಡಿ. ಆಕ್ಸೆಲ್ ಆ ಕಾಗದದಿಂದ ಗಾಳಿ ಬೀಸಿಕೊಳ್ಳುವಾಗ ಹಿಂಬದಿಯಿಂದ ಲ್ಯಾಟಿನ್ ಪದಗಳು ಕಾಣುತ್ತವೆ. ಗುಟ್ಟಿನ ಕೀಲಿಕೈ ಸಿಕ್ಕಿತು. ಹೇಳಿದರೆ ಪ್ರೊಫೆಸರ್ ಹೊರಟೇಬಿಡುತ್ತಾರೆ ಅಂತ ಅವನು ಬಾಯಿ ಬಿಡುವುದಿಲ್ಲ. ಇತ್ತ ಮನೆ ಬಾಗಿಲಿಗೆ ಬೀಗ, ಎಲ್ಲರಿಗೂ ಉಪವಾಸ. ಹಸಿವು ಜಾಸ್ತಿ ಆಗಿ ಅವನೇ ಸೋಲುತ್ತಾನೆ. ಕಂಬಗಳನ್ನು ನೋಡಿ: ಈ ಹೊತ್ತಿನಲ್ಲಿ ಎರಡು ಮತ್ತು ಮೂರು ತುಂಬಿವೆ, ಮೊದಲನೆಯದು ಖಾಲಿ. ನಮ್ಮ ಎದೆ ಹೊಡೆದುಕೊಳ್ಳುವುದು ಆ ಖಾಲಿ ಜಾಗದಿಂದ. ಆಕ್ಸೆಲ್‌ಗೆ ಗುಟ್ಟು ಸಿಕ್ಕಿದೆ ಅಂತ ನಮಗೆ ಗೊತ್ತು, ಯಾವಾಗ ಹೊರಬೀಳುತ್ತದೆ ಅನ್ನುವುದೇ ಚಿಂತೆ.

ಕಥೆ ಹೇಳುತ್ತಿರುವವನು ಬದುಕಿದ್ದಾನೆ ಅಂತ ನಮಗೆ ಮೊದಲೇ ಗೊತ್ತು, ಅಲ್ವಾ? ಆದರೂ ಅವನು ದಾರಿ ತಪ್ಪಿದಾಗ ಯಾಕೆ ಹೆದರುತ್ತೇವೆ? ಆ ಅಧ್ಯಾಯವನ್ನು ನಿಧಾನವಾಗಿ ಓದಿ. ದೀಪ ಆರಿದೆ. ಬಂಡೆಗೆ ಕಿವಿ ಇಟ್ಟರೆ ಪ್ರೊಫೆಸರ್ ದನಿ. ಮಾತು ಹೋಗಿ ಮರಳಿ ಬರಲು 40 ಸೆಕೆಂಡು. ಅಂದರೆ ಒಂದು ಕಡೆಗೆ 20. ಸೆಕೆಂಡಿಗೆ 1,020 ಅಡಿಯಂತೆ 20,400 ಅಡಿ ದೂರ. ಇಲ್ಲಿ ಲೆಕ್ಕವೇ ಭಯ ಹುಟ್ಟಿಸುತ್ತದೆ. ದನಿ ಕಿವಿಯ ಪಕ್ಕದಲ್ಲೇ ಇದೆ, ಮನುಷ್ಯ ಮೈಲಿಗಟ್ಟಲೆ ಆಚೆ. ವಿಜ್ಞಾನದ ವಿವರ ಬಂದಾಗಲೆಲ್ಲ ಹೀಗೆ ಕೇಳಿಕೊಳ್ಳಿ: ಇದು ಬರೀ ಮಾಹಿತಿಯೋ, ಪಾತ್ರದ ಪಾಡನ್ನು ಬಿಗಿ ಮಾಡುತ್ತಿದೆಯೋ?

ಕೊನೆಗೆ, ಪುಸ್ತಕ ಮುಗಿದ ಮೇಲೆ ಹಿಂದಕ್ಕೆ ಓದಿ. ದಿಕ್ಸೂಚಿ ಉಲ್ಟಾ ತೋರಿಸಿದ್ದು ಯಾಕೆ ಎನ್ನುವ ಉತ್ತರ ಕಟ್ಟಕಡೆಯಲ್ಲಿ ಬರುತ್ತದೆ. ನೆಲದಡಿಯ ಕಡಲನ್ನು ತೆಪ್ಪದಲ್ಲಿ ದಾಟುವಾಗ ಬರುವ ಬಿರುಗಾಳಿಯ ಅಧ್ಯಾಯಕ್ಕೆ ಹೋಗಿ, ಬೆಂಕಿಯುಂಡೆ ತೆಪ್ಪಕ್ಕೆ ಬಂದ ಜಾಗ ತೆರೆಯಿರಿ. ನನಗೆ ಇದು ಕಂಡದ್ದು ಮೂರನೇ ಓದಿನಲ್ಲಿ. ಬೆಂಕಿಯುಂಡೆ ಕಬ್ಬಿಣವನ್ನೆಲ್ಲ ಅಯಸ್ಕಾಂತ ಮಾಡಿಬಿಟ್ಟಿದೆ: ಆಕ್ಸೆಲ್‌ನ ಬೂಟಿನ ಮೊಳೆಗಳು ಕಬ್ಬಿಣದ ತಗಡಿಗೆ ಅಂಟಿಕೊಂಡು, ಅವನಿಗೆ ಕಾಲು ಎತ್ತಲು ಆಗುತ್ತಿಲ್ಲ. ಆ ಸಾಲಿಗೆ ಪೆನ್ಸಿಲ್ ಗೆರೆ ಎಳೆಯಿರಿ.