ಪಾರ್ಟಿಷನ್ ಅಳಿಸಿದ ಮೇಲೆ ಏಳದ ಲ್ಯಾಪ್‌ಟಾಪ್

ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಉಬುಂಟು ಎರಡೂ ಕಾರ್ಯಾಚರಣಾ ವ್ಯವಸ್ಥೆಗಳು ಇವೆ. ಕಳೆದ ಭಾನುವಾರ ವಿಂಡೋಸ್‌ನಲ್ಲಿ ಕುಳಿತು, ಖಾಲಿ ಬಿದ್ದಿದ್ದ ಒಂದು ಪಾರ್ಟಿಷನ್, ಅಂದರೆ ಡಿಸ್ಕ್‌ನ ಒಂದು ಭಾಗ, ಅಳಿಸಿದೆ. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ. ‘ಅಂಥ ಪಾರ್ಟಿಷನ್ ಇಲ್ಲ’ ಎಂಬರ್ಥದ ಒಂದು ಇಂಗ್ಲಿಷ್ ಸಾಲು, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’. ಆನ್ ಮಾಡಿದಾಗ ಮೆನು ತೋರಿಸಿ ವಿಂಡೋಸ್ ಅಥವಾ ಉಬುಂಟುವನ್ನು ಎಬ್ಬಿಸುವ ಪುಟ್ಟ ತಂತ್ರಾಂಶವೇ ಗ್ರಬ್. ವಿಂಡೋಸ್ ಕೂಡ ಏಳಲಿಲ್ಲ. ಅಮ್ಮನ ಫೋಟೊಗಳೆಲ್ಲ ಅದರಲ್ಲೇ ಇದ್ದವು, ಎದೆ ಧಸಕ್ಕೆಂದಿತು. ರಿಪೇರಿ ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಎಂದರು. ಅದು ಖಂಡಿತ ಬೇಕಿರಲಿಲ್ಲ.

ಡಿಸ್ಕನ್ನು ಭಾಗ ಮಾಡುವ ಹಳೆಯ ಎಂಬಿಆರ್ ಪದ್ಧತಿಯಲ್ಲಿ, ಒಂದು ದೊಡ್ಡ ಪಾರ್ಟಿಷನ್ ಒಳಗೆ ಮಾಡಿದ ಲಾಜಿಕಲ್ ಪಾರ್ಟಿಷನ್‌ಗಳ ಸಂಖ್ಯೆ 5ರಿಂದ ಶುರು. ನಾನು ಅಳಿಸಿದ್ದು 5ನೆಯದನ್ನು. ಉಬುಂಟು ಇದ್ದ 6ನೆಯದೇ ಈಗ 5 ಆಗಿತ್ತು. ಗ್ರಬ್ ಮಾತ್ರ ತನ್ನ ಕಡತಗಳನ್ನು ಇನ್ನೂ 6ರಲ್ಲೇ ಹುಡುಕುತ್ತಿತ್ತು, ಮನೆ ನಂಬರು ಬದಲಾದ ಬೀದಿಯಲ್ಲಿ ಹಳೆಯ ವಿಳಾಸ ಹಿಡಿದು ನಿಂತ ಅಂಚೆಯವನಂತೆ.

ಆ ಕಪ್ಪು ಪರದೆಯಲ್ಲೇ ‘ಎಲ್‌ಎಸ್’ ಎಂದು ಟೈಪಿಸಿದಾಗ ಪಾರ್ಟಿಷನ್‌ಗಳ ಪಟ್ಟಿ ಬಂತು. ಒಂದೊಂದನ್ನೇ ಇಣುಕಿ ನೋಡಿದೆ. ಬೂಟ್ ಫೋಲ್ಡರಿನೊಳಗೆ ಗ್ರಬ್ ಫೋಲ್ಡರ್ ಕಂಡದ್ದು 5ರಲ್ಲಿ. ‘ಸೆಟ್’ ಆದೇಶದಿಂದ ರೂಟ್, ಪ್ರಿಫಿಕ್ಸ್ (ಗ್ರಬ್ ತನ್ನ ಕಡತಗಳನ್ನು ಹುಡುಕುವ ವಿಳಾಸಗಳು) ಎರಡನ್ನೂ ಅಲ್ಲಿಗೆ ತಿರುಗಿಸಿ, ಮೆನುವಿನ ಭಾಗವನ್ನು ಲೋಡ್ ಮಾಡುವ ‘ಇನ್ಸ್‌ಮಾಡ್ ನಾರ್ಮಲ್’, ಆಮೇಲೆ ‘ನಾರ್ಮಲ್’ ಎಂದು ಕೊಟ್ಟೆ. ಪರಿಚಿತ ಮೆನು ಮೂಡಿತು!

ಅಷ್ಟಕ್ಕೇ ಬಿಟ್ಟರೆ ಮುಂದಿನ ಸಲ ಮತ್ತದೇ ಗೋಳು. ಉಬುಂಟು ತೆರೆದು, ಆದೇಶ ಟೈಪಿಸುವ ಟರ್ಮಿನಲ್‌ನಲ್ಲಿ ಸುಡೊ (ನಿರ್ವಾಹಕನ ಅಧಿಕಾರ) ಸಹಿತ ‘ಗ್ರಬ್-ಇನ್‌ಸ್ಟಾಲ್’, ನಂತರ ‘ಅಪ್‌ಡೇಟ್-ಗ್ರಬ್’ ಓಡಿಸಿದೆ. ಇನ್‌ಸ್ಟಾಲ್ ಮಾಡಬೇಕಾದದ್ದು ಇಡೀ ಡಿಸ್ಕ್‌ಗೆ, ಅಂದರೆ ಉಬುಂಟು ಎಸ್‌ಡಿಎ ಎಂದು ಕರೆಯುವುದಕ್ಕೆ, ಅದರ 5ನೆಯ ಪಾರ್ಟಿಷನ್ ಆದ ಎಸ್‌ಡಿಎ5ಕ್ಕಲ್ಲ. ಯುಇಎಫ್‌ಐ (ಯಂತ್ರವನ್ನು ಎಬ್ಬಿಸುವ ಹೊಸ ಪದ್ಧತಿ) ಇರುವ ಹೊಸ ಯಂತ್ರಗಳಲ್ಲಿ ಈ ಹೆಜ್ಜೆ ಬೇರೆ.

ಆ ಸಂಜೆಯೇ ಅಮ್ಮನ ಫೋಟೊಗಳನ್ನು ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿದೆ.