‘ಬೈಟ್ ದ ಬುಲೆಟ್’ ನಾನು ಕಲಿಸುವ ಬಗೆ

ದಾವಣಗೆರೆಯ ವಿದ್ಯಾನಗರದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಎಲ್ಲಾ ತರದವರೂ ಬರುತ್ತಾರೆ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಇಂಟರ್‌ವ್ಯೂಗೆ ತಯಾರಾಗುವ ಹುಡುಗರು, ಮೆಡಿಕಲ್ ರೆಪ್‌ಗಳು, ಬ್ಯಾಂಕ್ ಪರೀಕ್ಷೆ ಬರೆಯುವ ಹುಡುಗಿಯರು, ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿ ಇಟ್ಟವರ ಮಕ್ಕಳು. ಇವರಿಗೆಲ್ಲ ವ್ಯಾಕರಣ ಸುಮಾರಾಗಿ ಬರುತ್ತದೆ. ಕಾಲು ತೊಡರುವುದು ನುಡಿಗಟ್ಟುಗಳಲ್ಲಿ. ಮೀಟಿಂಗ್‌ನಲ್ಲಿ ಮ್ಯಾನೇಜರ್ ‘ಲೆಟ್ಸ್ ಬೈಟ್ ದ ಬುಲೆಟ್’ ಅಂದರೆ ಎಲ್ಲರ ಜೊತೆ ತಾವೂ ತಲೆಯಾಡಿಸುತ್ತಾರೆ. ಹೊರಗೆ ಬಂದ ಮೇಲೆ ಫೋನಿನಲ್ಲಿ ಹುಡುಕುತ್ತಾರೆ.

ಹುಡುಕಿದರೆ ‘ಕಷ್ಟವನ್ನು ಧೈರ್ಯದಿಂದ ಎದುರಿಸು’ ಅಂತ ಸಿಗುತ್ತದೆ. ತಪ್ಪೇನಿಲ್ಲ, ಆದರೆ ಅಷ್ಟನ್ನೇ ನಂಬಿಕೊಂಡು ವಾಕ್ಯ ಮಾಡಿದರೆ ಹಳಿ ತಪ್ಪುತ್ತದೆ. ಜಗಳೂರು ಕಡೆಯ ಹುಡುಗನೊಬ್ಬ ಬರೆದಿದ್ದ: ‘ದೇರ್ ವಾಸ್ ನೋ ರೈನ್, ಸೋ ಅವರ್ ವಿಲೇಜ್ ಬಿಟ್ ದ ಬುಲೆಟ್’. ಮಳೆ ಬರಲಿಲ್ಲ, ಊರು ಸಹಿಸಿಕೊಂಡಿತು ಅಂತ ಅವನ ಲೆಕ್ಕ. ಕೇಳಲು ಚೆನ್ನಾಗಿದೆ. ಆದರೆ ಇಂಗ್ಲಿಷ್ ಮಾತಾಡುವವರು ಇದನ್ನು ಕೇಳಿದರೆ ‘ಹೌದಾ, ಊರಿನವರು ಏನು ಮಾಡಿದರು?’ ಅಂತ ಕಾಯುತ್ತಾರೆ. ಯಾಕೆಂದರೆ ಈ ನುಡಿಗಟ್ಟಿನ ಹಿಂದೆ ಒಂದು ನಿರ್ಧಾರ ಇರಲೇಬೇಕು. ತಾನಾಗಿ ತಲೆ ಮೇಲೆ ಬಿದ್ದ ಕಷ್ಟಕ್ಕೆ ಇದು ಹೊಂದುವುದಿಲ್ಲ. ಅದಕ್ಕೆ ‘ಗ್ರಿನ್ ಅಂಡ್ ಬೇರ್ ಇಟ್’ ಇದೆ, ನಮ್ಮ ಹಲ್ಲು ಕಚ್ಚಿ ಸಹಿಸಿಕೊಳ್ಳುವುದಕ್ಕೆ ಹತ್ತಿರದ್ದು. ಅದೇ ಹುಡುಗ ‘ಊರಿನವರು ಹಲ್ಲು ಕಚ್ಚಿ ದನ ಮಾರಿದರು’ ಅಂತ ಬರೆದಿದ್ದರೆ ‘ಬೈಟ್ ದ ಬುಲೆಟ್’ ಸರಿಯಾಗಿ ಕೂರುತ್ತಿತ್ತು.

ಇದನ್ನು ವಿವರಿಸಿ ಹೇಳುವುದು ಸುಲಭ, ತಲೆಗೆ ಹೋಗುವುದು ಕಷ್ಟ. ಹಾಗಾಗಿ ನಾನು ಅರ್ಥ ಹೇಳುವುದನ್ನೇ ಬಿಟ್ಟೆ. ಬದಲಿಗೆ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಯಾರಾದರೂ, ಮಾಡಲೇಬೇಕು ಅಂತ ಗೊತ್ತಿದ್ದೂ ಮುಂದೆ ಮುಂದೆ ಹಾಕಿ, ಕೊನೆಗೆ ಗಟ್ಟಿ ಮನಸ್ಸು ಮಾಡಿ ಮಾಡಿದ ಕೆಲಸ ಯಾವುದು?

ಈ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ದಲ್ಲಾಳಿ ಅಂಗಡಿಯ ಹುಡುಗನದು. ಅವರಪ್ಪ ಮೆಕ್ಕೆಜೋಳ ಕೊಂಡು ಗೋದಾಮಿನಲ್ಲಿ ಇಟ್ಟಿದ್ದರಂತೆ. ರೇಟು ಏರುತ್ತದೆ ಅಂತ ಆಸೆ. ಏರಲಿಲ್ಲ. ಇನ್ನೊಂದು ವಾರ ನೋಡೋಣ, ಹಬ್ಬ ಕಳೆಯಲಿ, ಕೋಳಿ ಫಾರಂನವರು ಕೊಳ್ಳಲು ಶುರು ಮಾಡಲಿ ಅಂತ ತಳ್ಳುತ್ತಾ ಹೋದರು. ಮೆಕ್ಕೆಜೋಳದ ತೇವಾಂಶ ಶೇಕಡ 14ರ ಒಳಗೆ ಇರಬೇಕು. ಅದು ಮೀರಿದರೆ ಕೊಳ್ಳುವವರು ಮುಖ ಸಿಂಡರಿಸಿ ರೇಟು ಇಳಿಸುತ್ತಾರೆ. ಮೋಡ ಹಿಡಿದ ವಾತಾವರಣ, ತಳದ ಚೀಲಗಳಿಗೆ ಬೂಷ್ಟು ಹಿಡಿಯಿತು, ಹುಳ ಕಾಣಿಸಿಕೊಂಡಿತು. ಒಂದು ಬೆಳಿಗ್ಗೆ ಅವರಪ್ಪ ಎರಡು ಚೀಲ ಬಿಚ್ಚಿ ನೋಡಿ, ಅಂಗೈಯಲ್ಲಿ ಕಾಳು ತಿಕ್ಕಿ ಹಿಟ್ಟು ಉದುರುವುದನ್ನು ಕಂಡು, ಆ ದಿನವೇ ನಷ್ಟಕ್ಕೆ ಕೊಟ್ಟುಬಿಟ್ಟರು.

‘ಮೇಡಂ, ಅಪ್ಪ ಆವತ್ತು ಊಟ ಮಾಡ್ಲಿಲ್ಲ. ಆದ್ರೆ ರಾತ್ರಿ ಚೆನ್ನಾಗ್ ನಿದ್ದೆ ಮಾಡಿದ್ರು’ ಅಂದ.

ಇದನ್ನೇ ಬೋರ್ಡಿನ ಮೇಲೆ ಬರೆದೆ: ‘ಮೈ ಫಾದರ್ ಫೈನಲಿ ಬಿಟ್ ದ ಬುಲೆಟ್ ಅಂಡ್ ಸೋಲ್ಡ್ ದ ಮೇಜ್’. ಇದರಲ್ಲಿ ಬೇಕಾದದ್ದೆಲ್ಲ ಇದೆ. ಮೊದಲು ‘ಫೈನಲಿ’, ಅಂದರೆ ಇಷ್ಟು ದಿನ ತಳ್ಳುತ್ತಾ ಬಂದಿದ್ದರು ಅನ್ನುವ ಸುಳಿವು. ಆಮೇಲೆ ನುಡಿಗಟ್ಟು. ಅದರ ಬೆನ್ನಿಗೇ ‘ಅಂಡ್’ ಹಾಕಿ, ಏನು ಮಾಡಿದರು ಅನ್ನುವುದು. ನನ್ನ ಮಟ್ಟಿಗೆ ಆ ‘ಅಂಡ್’ ಬಹಳ ಮುಖ್ಯ. ‘ಅಂಡ್ ಸೋಲ್ಡ್’, ‘ಅಂಡ್ ಟೋಲ್ಡ್ ಹಿಮ್’, ‘ಅಂಡ್ ಪೇಯ್ಡ್’ ಅಂತ ಯಾವುದೋ ಒಂದು ಕೆಲಸ ಅಲ್ಲಿ ಬರದಿದ್ದರೆ ಹೊಸಬರ ವಾಕ್ಯ ಅಂತರದಲ್ಲಿ ನೇತಾಡುತ್ತದೆ. ‘ಫೈನಲಿ’ ಬದಲು ‘ಹ್ಯಾಡ್ ಟು’, ‘ಡಿಸೈಡೆಡ್ ಟು’, ‘ಜಸ್ಟ್’ ಕೂಡ ನಡೆಯುತ್ತದೆ. ಪಳಗಿದವರು ಇದನ್ನೆಲ್ಲ ಮುರಿದು ಮಾತಾಡುತ್ತಾರೆ, ಅದು ಆಮೇಲಿನ ಮಾತು.

ಒಂದು ತಮಾಷೆ ಹೇಳಬೇಕು. ನಮ್ಮೂರಲ್ಲಿ ಬುಲೆಟ್ ಅಂದರೆ ಮೊದಲು ನೆನಪಾಗುವುದು ಬೈಕು. ‘ಹಿ ಬಿಟ್ ದ ಬುಲೆಟ್’ ಅಂತ ಓದಿದರೆ ಹಿಂದಿನ ಬೆಂಚಿನವರಿಗೆ ‘ಅವನು ಬುಲೆಟ್ ಬಿಟ್ಟ’ ಅಂತಲೇ ಕೇಳಿಸುತ್ತದೆ. ನಗು ಮುಗಿಯುವವರೆಗೆ ನಾನೂ ಕಾಯುತ್ತೇನೆ. ಅದರಿಂದ ಒಂದು ಲಾಭವೂ ಆಯಿತು. ಬೈಟ್‌ನ ಭೂತಕಾಲ ‘ಬೈಟೆಡ್’ ಅಲ್ಲ, ‘ಬಿಟ್’ ಅನ್ನುವುದನ್ನು ಆಮೇಲೆ ಯಾರೂ ಮರೆಯಲಿಲ್ಲ.

ಇದು ಎಲ್ಲಿಂದ ಬಂತು ಅಂತ ಪ್ರತಿ ಬ್ಯಾಚ್‌ನಲ್ಲೂ ಕೇಳುತ್ತಾರೆ. ಎಲ್ಲರೂ ಹೇಳುವ ಕಥೆ ಯುದ್ಧಭೂಮಿಯ ಆಪರೇಷನ್ನಿನದು. ಅರಿವಳಿಕೆ ಇಲ್ಲದ ಕಾಲದಲ್ಲಿ ಗಾಯಗೊಂಡ ಸೈನಿಕನ ಬಾಯಿಗೆ ಸೀಸದ ಗುಂಡು ಕೊಟ್ಟು ಕಚ್ಚಿಕೊಳ್ಳಲು ಹೇಳುತ್ತಿದ್ದರು ಅಂತ. ಈಥರ್ ಕೊಟ್ಟು ಜನರ ಮುಂದೆ ಆಪರೇಷನ್ ಮಾಡಿ ತೋರಿಸಿದ್ದು ಬಾಸ್ಟನ್‌ನಲ್ಲಿ, 1846ರಲ್ಲಿ. ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೋಫಾರ್ಮ್ ಬಂತು. ಅದಕ್ಕೆ ಮುಂಚೆ ಕೈಕಾಲು ಕತ್ತರಿಸಿಕೊಳ್ಳುವವರ ಪಾಡು ಯೋಚಿಸಲೂ ಆಗುವುದಿಲ್ಲ. ಆದರೂ ನನಗೆ ಇನ್ನೊಂದು ಕಥೆಯೇ ಹೆಚ್ಚು ಹಿಡಿಸುತ್ತದೆ. ಫ್ರಾನ್ಸಿಸ್ ಗ್ರೋಸ್ ಅನ್ನುವವರು 18ನೇ ಶತಮಾನದ ಕೊನೆಯಲ್ಲಿ ಬೀದಿಮಾತಿನ ನಿಘಂಟು ಮಾಡಿದ್ದರು. ಚಾಟಿ ಏಟು ತಿನ್ನುವಾಗ ಕೂಗಿಕೊಂಡ ಸೈನಿಕನನ್ನು ‘ನೈಟಿಂಗೇಲ್’ ಅಂತ ಆಡಿಕೊಳ್ಳುತ್ತಿದ್ದರಂತೆ, ಆ ಹಕ್ಕಿಯ ಹಾಗೆ ಹಾಡಿದ ಅಂತ. ಆ ಅವಮಾನ ಬೇಡ ಅಂತ ಕೆಲವರು ಗುಂಡು ಅಗಿಯುತ್ತಿದ್ದರು ಅಂತ ಅದರಲ್ಲಿ ಇದೆ. ಆಮೇಲೆ 1891ರಲ್ಲಿ ಬಂದ ಕಿಪ್ಲಿಂಗ್ ಕಾದಂಬರಿಯಲ್ಲಿ ‘ಬೈಟ್ ಆನ್ ದ ಬುಲೆಟ್’ ಅಂತ, ನಡುವೆ ಒಂದು ‘ಆನ್’ ಸಮೇತ, ಹೆಚ್ಚು ಕಡಿಮೆ ಇವತ್ತಿನ ಅರ್ಥದಲ್ಲೇ ಬರುತ್ತದೆ. ಕ್ಲಾಸಿನಲ್ಲಿ ಇಷ್ಟಕ್ಕೆ ನಿಲ್ಲಿಸುತ್ತೇನೆ. ಕಥೆ ಜಾಸ್ತಿಯಾದರೆ ಎಲ್ಲರಿಗೂ ಕಥೆ ನೆನಪಿರುತ್ತದೆ, ಬಳಕೆ ಮರೆತುಹೋಗುತ್ತದೆ.

ಈಗ ಇದು ದೊಡ್ಡ ಕಷ್ಟಕ್ಕೇ ಮೀಸಲಾಗಿ ಉಳಿದಿಲ್ಲ. ಬಡ್ಡಿ ದರ ಏರಿಸುವ ಬ್ಯಾಂಕು, ಬೆಲೆ ಹೆಚ್ಚಿಸುವ ಕಂಪನಿ, ಸಬ್ಸಿಡಿ ಕಡಿತ ಮಾಡುವ ಸರ್ಕಾರ, ಇಂಗ್ಲಿಷ್ ಪತ್ರಿಕೆಗಳಲ್ಲಿ ಎಲ್ಲರೂ ಬುಲೆಟ್ ಕಚ್ಚುವವರೇ. ಜೇಬಿಗೆ ಭಾರವಾದ ಲ್ಯಾಪ್‌ಟಾಪನ್ನು ತಿಂಗಳುಗಟ್ಟಲೆ ನೋಡಿ ನೋಡಿ ಕೊನೆಗೆ ಕೊಂಡವರೂ ‘ಐ ಬಿಟ್ ದ ಬುಲೆಟ್ ಅಂಡ್ ಬಾಟ್ ಇಟ್’ ಅನ್ನುತ್ತಾರೆ. ಹುಡುಗರಿಗೆ ಇದು ತುಂಬಾ ಇಷ್ಟ. ತತ್ತ್ವಶಾಸ್ತ್ರ ಓದುವವರ ನಡುವೆ ಇನ್ನೊಂದು ಬಳಕೆ ಇದೆ. ನಮ್ಮ ವಾದದಿಂದ ನಮಗೇ ಹಿಡಿಸದ ತೀರ್ಮಾನ ಹೊರಟರೂ ಅದನ್ನು ಒಪ್ಪಿಕೊಳ್ಳುವುದಕ್ಕೆ ಹೀಗನ್ನುತ್ತಾರೆ.

ಬಳಸಬಾರದ ಜಾಗಗಳನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಸಾವಿನ ಮನೆಯವರಿಗೆ ಬರೆಯುವ ಮೆಸೇಜಿನಲ್ಲಿ ಬೇಡವೇ ಬೇಡ. ರಜೆ ಅರ್ಜಿಯಲ್ಲಿ ಬೇಡ. ನಮ್ಮ ಕೈಕೆಳಗಿನವರಿಗೆ ‘ಯು ಹ್ಯಾವ್ ಟು ಬೈಟ್ ದ ಬುಲೆಟ್’ ಅಂದರೆ, ನೋವು ನಿನ್ನದು, ನನಗೇನೂ ಇಲ್ಲ ಅಂದ ಹಾಗಾಗುತ್ತದೆ. ಅಲ್ಲಿ ‘ವಿ’ ಅಂದರೆ ಸ್ವಲ್ಪ ಮೆತ್ತಗಾಗುತ್ತದೆ. ಅಮ್ಮನ ಮಂಡಿ ಆಪರೇಷನ್‌ಗೆ ಹೇಳಬಹುದು, ಅವರು ವರ್ಷಗಟ್ಟಲೆ ಎಣ್ಣೆ ತಿಕ್ಕಿಕೊಂಡು ಮುಂದೂಡಿದ್ದರೆ. ಅಪಘಾತವಾಗಿ ಆಸ್ಪತ್ರೆಗೆ ಹೊತ್ತುಕೊಂಡು ಹೋದವರ ಆಪರೇಷನ್‌ಗೆ ಹೇಳಲಾಗದು. ಕಾಪಿ ಹೊಡೆದು ಸಿಕ್ಕಿಬಿದ್ದು ಪ್ರಿನ್ಸಿಪಾಲರ ಮುಂದೆ ನಿಂತವನಿಗೂ ಇದು ಅಲ್ಲ. ಅದು ‘ಫೇಸ್ ದ ಮ್ಯೂಸಿಕ್’, ಮಾಡಿದ್ದುಣ್ಣೋ ಮಹಾರಾಯ. ಆದರೆ ಅವನೇ ಯಾರೂ ಹಿಡಿಯುವ ಮುಂಚೆ ಹೋಗಿ ಒಪ್ಪಿಕೊಂಡಿದ್ದರೆ? ಆಗ ‘ಬೈಟ್ ದ ಬುಲೆಟ್’ ನಡೆಯುತ್ತದೆ. ಈ ಒಂದು ಉದಾಹರಣೆಯ ಮೇಲೆ ಕ್ಲಾಸಿನಲ್ಲಿ ಗಲಾಟೆ ಎದ್ದಷ್ಟೂ ನನಗೆ ಖುಷಿ.

‘ಬೈಟ್ ದ ಡಸ್ಟ್’ ಜೊತೆ ಕಲಸುವವರೂ ಇದ್ದಾರೆ. ಒಬ್ಬ ರೆಪ್ ತನ್ನ ಏರಿಯಾ ಮ್ಯಾನೇಜರ್ ಬಗ್ಗೆ ಹೊಗಳಿ ಹೇಳಲು ಹೋಗಿ ‘ಮೈ ಬಾಸ್ ಬಿಟ್ ದ ಡಸ್ಟ್’ ಅಂದ. ಬಾಸ್ ಮಣ್ಣು ಮುಕ್ಕಿದ ಅಂತಾಯಿತು!

ಇಂಟರ್‌ವ್ಯೂನಲ್ಲಿ ‘ನೀವು ತೆಗೆದುಕೊಂಡ ಕಷ್ಟದ ನಿರ್ಧಾರ ಯಾವುದು’ ಅಂತ ಕೇಳುವುದು ಮಾಮೂಲು. ಬ್ಯಾಂಕಿನ ಆಸೆಯ ಹುಡುಗಿಯೊಬ್ಬಳು ಮನೆಯಲ್ಲಿ ಬೇಡ ಅಂದರೂ ದೂರದ ಊರಿನ ಕೆಲಸ ಒಪ್ಪಿಕೊಂಡವಳು. ಅಪ್ಪನ ಮುಂದೆ ಬಾಯಿ ಬಿಡಲು ಎಷ್ಟೋ ದಿನ ಹೆದರಿದ್ದಳಂತೆ. ‘ಐ ಬಿಟ್ ದ ಬುಲೆಟ್ ಅಂಡ್ ಟೋಲ್ಡ್ ಮೈ ಫಾದರ್’ ಅಂತ ಉತ್ತರ ಶುರು ಮಾಡಿಸಿದೆ. ಉಳಿದದ್ದನ್ನು ಸಾದಾ ಇಂಗ್ಲಿಷಿನಲ್ಲಿ ಹೇಳಲು ಬಿಟ್ಟೆ. ಒಂದು ಇಂಟರ್‌ವ್ಯೂಗೆ ಒಂದೇ ಸಲ. ಎರಡನೇ ಸಲ ಬಂದರೆ ಬಾಯಿಪಾಠ ಮಾಡಿದ್ದು ಅಂತ ಕೂತವರಿಗೆ ತಕ್ಷಣ ಗೊತ್ತಾಗುತ್ತದೆ.